ಉದುರಿದ ಮೂಲೆಯಲ್ಲಿ ಏನಿತ್ತು: ಕಂಪ್ಯೂಟರಿನಲ್ಲಿ ಹಸೆ ಚಿತ್ತಾರ ಬರೆದ ಒಂದು ಪ್ರಕರಣ

ಸಾಗರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಚಿತ್ರಕಲೆ ಕಲಿಸುತ್ತೇನೆ. ನಮ್ಮ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕಂಪ್ಯೂಟರಿನಲ್ಲಿ ಮಾಡಿದ ಒಂದೇ ಒಂದು ಕೃತಿಯ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಎ3 ಕಾಗದದ ಮೇಲೆ ಮುದ್ರಣವಾಗಿರುವ ಆ ಚಿತ್ರದಲ್ಲಿ ಒಂದು ಕೆಮ್ಮಣ್ಣಿನ ಗೋಡೆ, ಅದರ ತುಂಬ ಹಸೆ ಚಿತ್ತಾರ. ಬಲಗಡೆ ಕೆಳಮೂಲೆಯಲ್ಲಿ ಮಾತ್ರ ಗೆರೆಗಳ ಬಿಳಿ ಸ್ವಲ್ಪ ಮಂಕು. ನೋಡಿದವರು ಮೊದಲು ಕೇಳುವುದೇ ಆ ಮೂಲೆಯ ಬಗ್ಗೆ: ಪ್ರಿಂಟು ಸರಿಯಾಗಿ ಬಂದಿಲ್ಲವಾ ಅಂತ. ಪ್ರಿಂಟು ಸರಿಯಾಗಿಯೇ ಬಂದಿದೆ. ಆ ಮಂಕು ಬಣ್ಣ ಹುಡುಗಿ ಯೋಚನೆ ಮಾಡಿ ಕೊಟ್ಟದ್ದು. ಇಡೀ ಕೃತಿಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದೂ ಅದೇ.

ಹಸೆ ಚಿತ್ತಾರ ಮಲೆನಾಡಿನ ದೀವರ ಸಮುದಾಯದ ಹೆಣ್ಣುಮಕ್ಕಳ ಕಲೆ. ಮದುವೆ ಮನೆಯ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿ ನೆನೆಸಿ ಅರೆದ ಬಿಳಿ, ಅಕ್ಕಿಯನ್ನೇ ಕರಕಲಾಗುವಂತೆ ಹುರಿದು ತೆಗೆದ ಕಪ್ಪು, ಗುರಿಗೆ ಬೀಜದ ಹಳದಿ, ಇಷ್ಟರಲ್ಲೇ ಬರೆಯುತ್ತಾರೆ. ಕುಂಚ ಪುಂಡಿ ನಾರಿನದು. ಭೂಮಿಯನ್ನು ಪೂಜಿಸುವ ಭೂಮಿ ಹುಣ್ಣಿಮೆ ಹಬ್ಬ ಬಂತೆಂದರೆ ಬುಟ್ಟಿಗಳ ಮೇಲೂ ಇವೇ ಗೆರೆಗಳು ಬರುತ್ತವೆ. ನಮ್ಮ ಶಾಲೆಯ ಎಷ್ಟೋ ಹುಡುಗಿಯರಿಗೆ ಚಿತ್ತಾರದ ಮೊದಲ ಪಾಠ ಆಗುವುದು ಆ ಬುಟ್ಟಿಯ ಮೇಲೆಯೇ. ಈ ಹುಡುಗಿಯ ಅಜ್ಜಿ ಊರಿನಲ್ಲಿ ಹೆಸರಿರುವ ಚಿತ್ತಾರಗಿತ್ತಿ. ಹಳೆಯ ಮನೆಯ ಜಗಲಿಯ ಗೋಡೆಯಲ್ಲಿ, ಯಾವುದೋ ಮದುವೆಗೆಂದು ಅಜ್ಜಿ ಬರೆದ ಚಿತ್ತಾರ ಉಳಿದುಕೊಂಡಿತ್ತು. ಮಳೆಗಾಲದಲ್ಲಿ ನೀರು ಇಳಿದು ಬಲಮೂಲೆಯ ಮಣ್ಣು ಚಕ್ಕೆ ಚಕ್ಕೆಯಾಗಿ ಉದುರಿತ್ತು. ಆ ಗೋಡೆ ಕೆಡವಿ ಸಿಮೆಂಟಿನದು ಕಟ್ಟಿಸುವ ಮಾತು ಮನೆಯಲ್ಲಿ ನಡೆದಿತ್ತು. ಹಾಗಾಗಿ ಡಿಜಿಟಲ್ ಚಿತ್ರಕ್ಕೆ ವಿಷಯ ಆರಿಸಿಕೊಳ್ಳಿ ಎಂದಾಗ ಅವಳು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ.

ಲ್ಯಾಬಿನ ಯಂತ್ರಗಳು ಹಳೆಯವು, 4 ಜಿಬಿ ಮೆಮೊರಿಯವು. ಫೋಟೋ ತಿದ್ದಲು ಗಿಂಪ್, ಬರೆಯಲು ಕ್ರಿಟಾ. ಎರಡೂ ಮುಕ್ತ ತಂತ್ರಾಂಶಗಳು, ಕಾಸಿಲ್ಲದೆ ಸಿಗುತ್ತವೆ. 1995ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್, ಗಿಂಪನ್ನು ಶುರು ಮಾಡಿದರು ಎಂದು ಹೇಳಿದ ದಿನ ಮಕ್ಕಳ ಮುಖ ನೋಡಬೇಕಿತ್ತು. ಫೋಟೋಶಾಪ್ ಯಾಕೆ ಕಲಿಸುವುದಿಲ್ಲ ಎಂದು ಪೋಷಕರು ಕೇಳುವುದುಂಟು, ಪೇಟೆಯ ಸ್ಟುಡಿಯೋಗಳಲ್ಲಿ ನಡೆಯುವುದು ಅದೇ ತಾನೆ. ಆದರೆ 2013ರಿಂದ ಅದರ ಹೊಸ ಆವೃತ್ತಿಗಳಿಗೆ ಚಂದಾ ಕಟ್ಟಬೇಕು, ಅದು ನಮ್ಮಂಥ ಶಾಲೆಗೆ ನಿಲುಕದ ಮಾತು. ಲೇಯರ್ (ಒಂದರ ಮೇಲೊಂದು ಇಡುವ ಪಾರದರ್ಶಕ ಹಾಳೆ), ಮಾಸ್ಕ್ (ಲೇಯರಿನ ಬೇಕಾದಷ್ಟೇ ಭಾಗ ಕಾಣಿಸುವ ಮುಸುಕು), ಕರ್ವ್ಸ್ (ಬೆಳಕು ನೆರಳು ತಿದ್ದುವ ಗೆರೆ) ಇವನ್ನು ಗಿಂಪ್‌ನಲ್ಲಿ ಕಲಿತ ಮಗು ನಾಳೆ ಫೋಟೋಶಾಪ್ ಮುಂದೆ ಕೂತರೆ ಬಟನ್ನುಗಳ ಜಾಗ ಹುಡುಕುವುದಷ್ಟೇ ಬಾಕಿ.

ಯಂತ್ರದ ಮಿತಿಯ ಬಗ್ಗೆ ಒಂದು ಲೆಕ್ಕ ಹೇಳಿಬಿಡುತ್ತೇನೆ. ಡಿಜಿಟಲ್ ಚಿತ್ರ ಕಲಿಸುವ ಎಲ್ಲ ಶಾಲೆಗಳಿಗೂ ಇದು ಬೇಕಾದೀತು. ಎ3 ಕಾಗದವನ್ನು 300 ಡಿಪಿಐಯಲ್ಲಿ (ಇಂಚಿಗೆ 300 ಚುಕ್ಕೆಯಂತೆ) ತೆರೆದರೆ 3508 ಅಡ್ಡ, 4961 ಉದ್ದ, ಅಂದರೆ 1 ಕೋಟಿ 74 ಲಕ್ಷ ಪಿಕ್ಸೆಲ್. ಒಂದು ಪಿಕ್ಸೆಲ್‌ಗೆ 4 ಬೈಟ್. ಒಂದೇ ಲೇಯರಿಗೆ ಸುಮಾರು 70 ಎಂಬಿ ಆಯಿತು. ಹತ್ತು ಲೇಯರ್ ಹಾಕಿ, ಅನ್‌ಡೂ ನೆನಪಿಟ್ಟುಕೊಳ್ಳುವ ಭಾರವನ್ನೂ ಸೇರಿಸಿದರೆ ನಮ್ಮ ಯಂತ್ರ ಹ್ಯಾಂಗ್ ಆಗದೆ ಇನ್ನೇನು ಮಾಡೀತು? 150 ಡಿಪಿಐಗೆ ಇಳಿಸಿದರೆ ಭಾರ ಕಾಲು ಭಾಗಕ್ಕೆ ಇಳಿಯುತ್ತದೆ. ಗೋಡೆಗೆ ತೂಗುಹಾಕಿ ಎರಡು ಮಾರು ದೂರ ನಿಂತು ನೋಡುವ ಚಿತ್ರಕ್ಕೆ ಅಷ್ಟು ಸಾಕು. ಇವಳ ಕೃತಿ 150ರಲ್ಲೇ ಆಗಿದೆ.

ಫೋಟೋ ತೆಗೆಯುವುದೇ ಮೊದಲ ಕಷ್ಟ. ಜಗಲಿ ಕಿರಿದು, ಹಿಂದಕ್ಕೆ ಸರಿಯಲು ಜಾಗವಿಲ್ಲ. ಅಪ್ಪನ ಮೊಬೈಲಿನಲ್ಲಿ ಹತ್ತಿರದಿಂದ, ಓರೆಯಾಗಿ ತೆಗೆದ ಫೋಟೋದಲ್ಲಿ ಗೋಡೆಯ ಎಡಗಡೆ ಎತ್ತರ, ಬಲಗಡೆ ಗಿಡ್ಡ, ಅಂಚಿನ ಗೆರೆಗಳು ಹೊಟ್ಟೆ ಉಬ್ಬಿಸಿಕೊಂಡಿದ್ದವು. ಗಿಂಪ್‌ನ ಲೆನ್ಸ್ ಡಿಸ್ಟಾರ್ಷನ್ ಫಿಲ್ಟರಿನಿಂದ ಮೊದಲು ಉಬ್ಬು ತೆಗೆದಳು. ಆಮೇಲೆ ಪರ್ಸ್ಪೆಕ್ಟಿವ್ ಟೂಲ್‌ನಲ್ಲಿ ಕರೆಕ್ಟಿವ್ ಎಂಬುದನ್ನು ಆರಿಸಿ, ಚಿತ್ತಾರದ ಹೊರಚೌಕಟ್ಟಿನ ನಾಲ್ಕು ಮೂಲೆಗೆ ನಾಲ್ಕು ಹಿಡಿಕೆ ಕೂರಿಸಿ ನೆಟ್ಟಗೆ ಮಾಡಿದಳು. ಈ ಕ್ರಮ ತಿರುಗುಮುರುಗಾದರೆ ಉಬ್ಬು ಅಲ್ಲೇ ಉಳಿಯುತ್ತದೆ.

ಬಣ್ಣದ್ದು ಬೇರೆ ಕಥೆ. ಚಿತ್ರದ ತುಂಬ ಕೆಂಪೇ ಇದ್ದರೆ ಮೊಬೈಲ್ ಕ್ಯಾಮೆರಾ ಬೆಳಕೇ ಕೆಂಪಗಿದೆ ಎಂದು ತಿಳಿದು ಅದನ್ನು ತಗ್ಗಿಸುತ್ತದೆ. ಗೋಡೆ ಕಂದಾಯಿತು, ಅಕ್ಕಿಹಿಟ್ಟಿನ ಬಿಳಿಗೆ ನೀಲಿ ಛಾಯೆ ಬಂತು. ಫೋಟೋ ತೆಗೆಯುವಾಗ ಗೋಡೆಗೆ ಒಂದು ಬಿಳಿ ಹಾಳೆ ಒತ್ತಿ ಹಿಡಿಯಿರಿ ಎಂದು ತರಗತಿಯಲ್ಲಿ ಹೇಳಿದ್ದೆ, ಅವಳ ತಮ್ಮ ಹಿಡಿದು ನಿಂತಿದ್ದ. ಪರದೆಯ ಮೇಲೆ ಆ ಹಾಳೆಯ ಬಣ್ಣ ಅಳೆದು ನೋಡಿದರೆ ನೀಲಿಯ ಅಂಕಿ ಕೆಂಪಿನ ಅಂಕಿಗಿಂತ ಮೇಲಿತ್ತು. ಲೆವೆಲ್ಸ್‌ನಲ್ಲಿ ಹಾಳೆಯನ್ನು ತೋರಿಸಿ, ಇದಕ್ಕೆ ಬಣ್ಣವಿಲ್ಲ ಎಂದು ಗಿಂಪ್‌ಗೆ ಹೇಳಿದ ಕೂಡಲೇ ಕೆಮ್ಮಣ್ಣು ಮರಳಿ ಬಂತು. ಅವಳ ಪಕ್ಕದಲ್ಲಿ ಕೂತಿದ್ದ ಇಬ್ಬರು ಎದ್ದು ಬಂದು ನೋಡಿದರು. ಬಣ್ಣ ಹೆಕ್ಕುವಾಗಲೂ ಒಂದೇ ಪಿಕ್ಸೆಲ್ ಒತ್ತಿದರೆ ಫೋಟೋವನ್ನು ಕುಗ್ಗಿಸಿಡುವ ಜೆಪೆಗ್‌ನ ಕಸವೇ ಕೈಗೆ ಬರುತ್ತದೆ, ಪ್ರತಿ ಕ್ಲಿಕ್ಕಿಗೂ ಬೇರೆ ಬಣ್ಣ. ಕಲರ್ ಪಿಕರ್‌ನಲ್ಲಿ ಸ್ಯಾಂಪಲ್ ಆವರೇಜ್ ಹಾಕಿ ಸುತ್ತಲಿನ ಸರಾಸರಿ ತೆಗೆದುಕೊಳ್ಳಬೇಕು. ಹಾಗೆ ತೆಗೆದಾಗ ಅಜ್ಜಿಯ ಬಿಳಿ ಸುಣ್ಣದ ಬಿಳಿಯಲ್ಲ, ಅನ್ನದ ಗಂಜಿಯ ಬಿಳಿ ಎಂಬುದು ಅಂಕಿಯಲ್ಲೇ ಗೊತ್ತಾಯಿತು.

ಇಲ್ಲಿವರೆಗಿನದು ಫೋಟೋ ತಿದ್ದುವ ಕೆಲಸ. ಪ್ರಕರಣ ನಿಜವಾಗಿ ಶುರುವಾಗುವುದು ಉದುರಿದ ಮೂಲೆಯಿಂದ.

ಅವಳು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಕ್ಲೋನ್ ಟೂಲ್ ಹಿಡಿದು, ಪಕ್ಕದ ಗಟ್ಟಿ ಭಾಗದಿಂದ ಗೆರೆಗಳನ್ನು ಎತ್ತಿ, ಮಣ್ಣು ಬಿದ್ದ ಜಾಗಕ್ಕೆ ಹಾಕಿದಳು. ಅಂಚುಗಳನ್ನು ಹೀಲ್ ಟೂಲ್ ಬೆಸೆಯಿತು. ಕೆಲಸ ಚೊಕ್ಕಟವಾಗಿತ್ತು, ಅಲ್ಲಿ ಗೋಡೆ ಬಿದ್ದಿತ್ತು ಎಂದು ಯಾರೂ ಹೇಳುವಂತಿರಲಿಲ್ಲ. ಕ್ರಿಟಾದ ಸ್ಮಾರ್ಟ್ ಪ್ಯಾಚ್, 2010ರಲ್ಲಿ ಫೋಟೋಶಾಪ್‌ಗೆ ಬಂದ ಕಂಟೆಂಟ್ ಅವೇರ್ ಫಿಲ್, ಇವೆಲ್ಲ ಇದೇ ಕೆಲಸವನ್ನು ಇನ್ನೂ ಬೇಗ ಮಾಡುತ್ತವೆ. ಅದರ ಒಂದು ಪ್ರಿಂಟನ್ನು ಮನೆಗೆ ಒಯ್ದು ಅಜ್ಜಿಗೆ ತೋರಿಸಿದಳು. ಅಜ್ಜಿ ಬೆರಳಿಟ್ಟದ್ದು ನೇರ ಆ ಮೂಲೆಗೇ. ತಾನು ಅಲ್ಲಿ ಇದನ್ನು ಬರೆದೇ ಇರಲಿಲ್ಲ ಅಂದರು.

ಎಡಮೂಲೆಯಲ್ಲಿ ಇದ್ದದ್ದು ಹೆಣೆದುಕೊಂಡ ಓರೆ ಗೆರೆಗಳ ಸಾಲು. ಕ್ಲೋನ್ ಟೂಲ್ ಅದನ್ನೇ ಬಲಕ್ಕೂ ತಂದು ಹಾಕಿತ್ತು. ಅಜ್ಜಿ ಹೇಳಿದ ಪ್ರಕಾರ ಬಲಮೂಲೆಯ ಪಕ್ಕದಲ್ಲೇ ಬಾಗಿಲ ದಾರಂದ, ಅಲ್ಲಿ ಜಾಗ ಕಡಿಮೆ. ಆ ಸಾಲು ಅಲ್ಲಿ ಅರ್ಧಕ್ಕೆ ನಿಲ್ಲುತ್ತಿತ್ತು, ಅರ್ಧಕ್ಕೆ ನಿಲ್ಲಿಸಬಾರದು. ಅದಕ್ಕೆ ಅದನ್ನು ಬಿಟ್ಟು ಭತ್ತದ ತೆನೆಗಳನ್ನು ಒಂದರ ಮೇಲೊಂದು ಬರೆದು ಮೂಲೆ ಮುಗಿಸಿದ್ದರಂತೆ. ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಪೆನ್ಸಿಲಿನಿಂದ ಅದನ್ನು ಬರೆದೂ ತೋರಿಸಿದರು. ತೆನೆ ಕೆಳಗಿನಿಂದ ಮೇಲಕ್ಕೆ ಹೋಗಬೇಕು, ಮೇಲಿನಿಂದ ಕೆಳಕ್ಕೆ ಎಳೆಯಬಾರದು ಎಂಬುದನ್ನೂ ಹೇಳಿಕೊಟ್ಟರು.

ಮರುದಿನ ಹುಡುಗಿ ಆ ಕ್ಯಾಲೆಂಡರ್ ಹಾಳೆಯನ್ನು ಮಡಿಚಿ ಚೀಲದಲ್ಲಿಟ್ಟುಕೊಂಡು ಬಂದಳು. ಡಿಜಿಟಲ್ ಚಿತ್ರಕಲೆಯ ಪಾಠಗಳಲ್ಲಿ ನಾವು ಎಷ್ಟೋ ಟೂಲ್‌ಗಳನ್ನು ಹೇಳಿಕೊಡುತ್ತೇವೆ. ಆ ಹಾಳೆ ಬಂದದ್ದು ಯಾವ ಟೂಲ್‌ನಿಂದಲೂ ಅಲ್ಲ. ಪಕ್ಕದಲ್ಲಿ ಏನಿದೆ ಎಂಬುದು ಕ್ಲೋನ್ ಟೂಲ್‌ಗೆ ಗೊತ್ತು, ಅಲ್ಲಿ ಏನಿತ್ತು ಎಂಬುದು ಗೊತ್ತಿಲ್ಲ. ತಿಳಿದವರು ಬದುಕಿದ್ದಾರೆ, ಕೇಳಿದರೆ ಹೇಳುತ್ತಾರೆ. ಹಾಗಿರುವಾಗ ಕೇಳದೆ ತುಂಬಿದ ಗೆರೆ ಎಷ್ಟೇ ಅಂದವಾಗಿದ್ದರೂ ನಾನು ಅದಕ್ಕೆ ಅಂಕ ಕೊಡಲಾರೆ.

ಈಗ ಮೂಲೆಯನ್ನು ಹೇಗೆ ತುಂಬುವುದು? ಗೋಡೆಯ ಮೇಲೆ ಉಳಿದದ್ದು ಅಜ್ಜಿಯ ಕೈಯದು. ಮೂಲೆಯದು ಅಜ್ಜಿ ಹೇಳಿ ಮೊಮ್ಮಗಳು ಬರೆಯುವಂಥದು. ಎರಡೂ ಒಂದೇ ಥರ ಕಂಡರೆ ಸರಿಯೇ? ಈ ಪ್ರಶ್ನೆ ಎತ್ತಿದವಳು ಹುಡುಗಿಯೇ. ನನಗೆ ಆಗ ನೆನಪಾದದ್ದು ಇಟಲಿಯ ಚಿತ್ರ ಸಂರಕ್ಷಕರು. ಎರಡನೇ ಮಹಾಯುದ್ಧದಲ್ಲಿ ಅಲ್ಲಿನ ಚರ್ಚುಗಳ ಗೋಡೆಚಿತ್ರಗಳು ಚೂರು ಚೂರಾಗಿದ್ದವು. ರೋಮಿನ ಕೇಂದ್ರೀಯ ಸಂರಕ್ಷಣಾ ಸಂಸ್ಥೆಯಲ್ಲಿ ಚೆಸಾರೆ ಬ್ರಾಂಡಿ ಮತ್ತು ಅವರ ಜೊತೆಗಾರರು 1940ರ ದಶಕದಲ್ಲಿ ಒಂದು ಪದ್ಧತಿ ರೂಪಿಸಿದರು. ಬಿದ್ದ ಜಾಗವನ್ನು ಸಣ್ಣ ಸಣ್ಣ ಲಂಬ ಗೀಟುಗಳಿಂದ ತುಂಬುವುದು. ದೂರದಿಂದ ನೋಡಿದರೆ ಚಿತ್ರ ಇಡಿಯಾಗಿ ಕಾಣಬೇಕು, ಹತ್ತಿರ ಬಂದರೆ ಇಷ್ಟು ಹಳೆಯದು, ಇಷ್ಟು ನಾವು ತುಂಬಿದ್ದು ಎಂದು ತಿಳಿಯಬೇಕು. ಅದಕ್ಕೆ ತ್ರಾತೆಜ್ಜೋ ಎನ್ನುತ್ತಾರೆ. ಇದನ್ನು ಹೇಳಿ ನಾನು ಸುಮ್ಮನಾದೆ. ಗೀಟು ಹಾಕಿದರೆ ಚಿತ್ತಾರದ ಗೆರೆಗಳ ಜೊತೆ ಕಲಸಿಹೋಗುತ್ತದೆ ಎಂದು ಅವಳೇ ಕಂಡುಕೊಂಡಳು. ಮೂಲೆಗೆ ಬೇರೆ ಲೇಯರ್ ಮಾಡಿ, ಅದರ ಒಪ್ಯಾಸಿಟಿ (ಬಣ್ಣದ ಗಟ್ಟಿತನ) ಇಳಿಸಿದಳು. ಮೂರು ಹೆಜ್ಜೆ ದೂರದಲ್ಲಿ ವ್ಯತ್ಯಾಸ ಕಾಣದಷ್ಟು, ಕೈಯಲ್ಲಿ ಹಿಡಿದರೆ ಕಾಣುವಷ್ಟು.

ಉಳಿದ ಚಿತ್ತಾರಕ್ಕೆ ಏನು ಮಾಡಿದಳು ಎಂಬುದನ್ನೂ ಹೇಳಬೇಕು. ಬರೀ ಫೋಟೋ ತಿದ್ದಿ ಕೊಟ್ಟದ್ದಾಗಿದ್ದರೆ ಅದು ದಾಖಲೆಯಾಗುತ್ತಿತ್ತು, ಅವಳ ಚಿತ್ರವಾಗುತ್ತಿರಲಿಲ್ಲ. ಫೋಟೋವನ್ನು ತಳದ ಲೇಯರಿಗೆ ಹಾಕಿ, ಅದರ ಮೇಲೆ ಇಡೀ ಚಿತ್ತಾರವನ್ನು ಮತ್ತೆ ಬರೆದಳು. ಸೆಲೆಕ್ಟ್ ಬೈ ಕಲರ್ ಒತ್ತಿ ಗೆರೆಗಳನ್ನು ಎತ್ತಿಬಿಡೋಣ ಎಂದು ಒಮ್ಮೆ ನೋಡಿದ್ದುಂಟು. ಬಿಳಿ ಸಲೀಸಾಗಿ ಬಂತು. ಕಪ್ಪು ಬರುವಾಗ ಗೋಡೆಯ ಬಿರುಕು, ದೀಪದ ಮಸಿ ಎಲ್ಲವನ್ನೂ ಜೊತೆಗೆ ಎಳೆದುಕೊಂಡು ಬಂತು. ಯಾವುದು ಗೆರೆ, ಯಾವುದು ಬಿರುಕು ಎಂದು ನೋಡಿ ತಿಳಿಯುವ ಕಣ್ಣು ಅವಳದೇ ಆಗಬೇಕಾಯಿತು.

ಮೌಸ್‌ನಲ್ಲಿ ಒತ್ತಡ ಗೊತ್ತಾಗುವುದಿಲ್ಲ, ಪೆನ್ ಟ್ಯಾಬ್ಲೆಟ್ ನಮ್ಮಲ್ಲಿಲ್ಲ. ಚಿತ್ತಾರ ನೇರ ಗೆರೆಗಳ ಕಲೆಯಾದ್ದರಿಂದ ಮೌಸ್‌ಗೆ ಒಗ್ಗುತ್ತದೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಲೈನ್ ಟೂಲ್‌ನಲ್ಲಿ ಎಳೆದ ಗೆರೆ ನೆಟ್ಟಗೇನೋ ಬಂತು, ಆದರೆ ತುದಿಯಿಂದ ತುದಿಗೆ ಒಂದೇ ದಪ್ಪ. ಫೋಟೋವನ್ನು 200 ಪ್ರತಿಶತಕ್ಕೆ ಹಿಗ್ಗಿಸಿ ಅಜ್ಜಿಯ ಗೆರೆಯನ್ನು ಪಕ್ಕದಲ್ಲಿಟ್ಟು ನೋಡಿದಳು. ಅದು ದಪ್ಪವಾಗಿ ಶುರುವಾಗಿ, ಹೋಗ್ತಾ ಹೋಗ್ತಾ ಸಣ್ಣಗಾಗಿ, ಹಿಟ್ಟು ತೀರುವಲ್ಲಿ ಹರಿದು ಹರಿದು, ಮತ್ತೆ ಒಂದು ಹನಿಯಂತೆ ದಪ್ಪವಾಗುತ್ತದೆ. ಪುಂಡಿ ನಾರನ್ನು ಅಜ್ಜಿ ಮತ್ತೆ ಬಟ್ಟಲಿಗೆ ಅದ್ದಿದ್ದು ಅಲ್ಲಿ. ಅದ್ದಿದ ಜಾಗಗಳನ್ನೆಲ್ಲ ಅವಳು ಬೇರೆ ಲೇಯರಿನಲ್ಲಿ ಹಸಿರು ಚುಕ್ಕೆ ಇಟ್ಟು ಗುರುತು ಮಾಡಿದಳು. ಒಂದು ಅದ್ದಿಗೆ ಕೈ ಎಲ್ಲಿಂದ ಎಲ್ಲಿಗೆ ಹೋಗಿದೆ, ಯಾವ ಗೆರೆ ಮೊದಲು, ಯಾವುದು ಆಮೇಲೆ, ಯಾವುದರ ಮೇಲೆ ಯಾವುದು ಹಾದಿದೆ, ಅಷ್ಟೂ ಓದಲು ಸಿಕ್ಕಿತು.

ಕ್ರಿಟಾದ ಬ್ರಷ್‌ಗೆ ಫೇಡ್ ಎಂಬ ಸೆನ್ಸರ್ ಇದೆ. ಒತ್ತಡದ ಬದಲು ಬ್ರಷ್ ಎಷ್ಟು ದೂರ ಸಾಗಿದೆ ಎಂಬುದನ್ನು ನೋಡಿ ಗೆರೆಯ ದಪ್ಪವನ್ನೂ ಗಾಢತೆಯನ್ನೂ ಇಳಿಸಬಹುದು. ಹಸಿರು ಚುಕ್ಕೆಗಳ ನಡುವಿನ ಅಂತರ ನೋಡಿಕೊಂಡು ಫೇಡ್‌ನ ಉದ್ದ ಇಟ್ಟಳು. ಲೈನ್ ಟೂಲ್ ಬಿಟ್ಟು, ಕೈನಡುಕ ತಗ್ಗಿಸುವ ಸ್ಟೆಬಿಲೈಸರ್ ಹಾಕಿಕೊಂಡು ಕೈಯಲ್ಲೇ ಎಳೆದಳು. ಪ್ರತಿ ಚುಕ್ಕೆಯಲ್ಲೂ ಮೌಸ್ ಬಿಟ್ಟು ಮತ್ತೆ ಒತ್ತಬೇಕು, ಅದೇ ಅದ್ದುವುದು. ಡಿಜಿಟಲ್ ಬ್ರಷ್‌ನಲ್ಲಿ ಬಣ್ಣ ತೀರುವುದೇ ಇಲ್ಲ. ಹದಿನಾಲ್ಕು ವರ್ಷದ ಹುಡುಗಿ ಅದಕ್ಕೆ ತೀರುವುದನ್ನು ಕಲಿಸಿದಳು ಎಂಬುದು ನನಗೆ ಇವತ್ತಿಗೂ ಖುಷಿ ಕೊಡುವ ಸಂಗತಿ.

ಸಿಮ್ಮೆಟ್ರಿಯ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಕ್ರಿಟಾದಲ್ಲಿ ಮಿರರ್ ಒತ್ತಿದರೆ ಎಡಕ್ಕೆ ಬರೆದದ್ದು ಬಲಕ್ಕೂ ತಾನೇ ಬರುತ್ತದೆ. ಗಿಂಪ್‌ನಲ್ಲೂ 2018ರ 2.10 ಆವೃತ್ತಿಯಿಂದ ಇದೆ. ತರಗತಿಯ ಹೆಚ್ಚಿನವರು ಹಾಗೆಯೇ ಮಾಡಿದರು, ಅರ್ಧ ಹೊತ್ತಿನಲ್ಲಿ ಮುಗಿಯಿತು. ಇವಳೂ ಹಾಗೊಂದು ಮಾಡಿ ನೋಡಿ, ಫೋಟೋದ ಮೇಲೆ ಇಟ್ಟಳು. ಎಡಭಾಗ ಕೂತಿತು, ಬಲಭಾಗ ಎಲ್ಲೂ ಕೂರಲಿಲ್ಲ. ಬಾಗಿಲಿದ್ದ ಕಡೆ ಅಜ್ಜಿ ಪ್ರತಿ ಸಾಲನ್ನೂ ಕೂದಲೆಳೆಯಷ್ಟು ಒತ್ತೊತ್ತಾಗಿ ಬರೆದಿದ್ದರು, ಲೆಕ್ಕ ತಪ್ಪದ ಹಾಗೆ, ಎಣಿಕೆ ಎರಡೂ ಕಡೆ ಒಂದೇ ಇರುವ ಹಾಗೆ. ಕಣ್ಣಿಗೆ ಸಮ ಅನ್ನಿಸುವ ಆ ಚಿತ್ತಾರದಲ್ಲಿ ಗೆರೆಗಳ ನಡುವಿನ ಮನೆಗಳಲ್ಲಿ ಅಳತೆಯಲ್ಲಿ ಸಮವಾದ ಎರಡೇ ಇರಲಿಲ್ಲ. ಆ ದಿನದಿಂದ ನಮ್ಮ ಲ್ಯಾಬಿನಲ್ಲಿ ಮಿರರ್ ಬಳಸುವವರು ಮೊದಲು ಕೈಯಲ್ಲಿ ಒಂದು ಬರೆದು ತೋರಿಸಬೇಕು.

ಗೆರೆಗಳ ಮೂಲಕ ಮಣ್ಣಿನ ತರಿ ಕಾಣಲಿ ಎಂದು ಗೆರೆಯ ಲೇಯರನ್ನು ಕೆಳಗಿನ ಲೇಯರಿನೊಡನೆ ಬೆರೆಸುವ ಮಲ್ಟಿಪ್ಲೈ ವಿಧಾನಕ್ಕೆ ಹಾಕಿದಳು. ಬಿಳಿ ಗೆರೆಗಳೆಲ್ಲ ಒಮ್ಮೆಲೇ ಮಾಯ, ಕಪ್ಪು ಮಾತ್ರ ಉಳಿಯಿತು. ಅವಳಿಗೆ ಗಾಬರಿ. ಮಲ್ಟಿಪ್ಲೈ ಅಂದರೆ ಗುಣಾಕಾರ, ಬಿಳಿಗೆ ಅಲ್ಲಿ 1 ಎಂದು ಬೆಲೆ, ಯಾವುದನ್ನು 1ರಿಂದ ಗುಣಿಸಿದರೂ ಅದೇ ಬರುತ್ತದೆ ಎಂದು ಬೋರ್ಡಿನ ಮೇಲೆ ಬರೆದೆ. ಗಣಿತದ ಮೇಷ್ಟ್ರು ಕಿಟಕಿಯಲ್ಲಿ ನಿಂತು ಪೂರ್ತಿ ಕೇಳಿದರು. ಕೊನೆಗೆ ಕಪ್ಪಿಗೆ ಮಲ್ಟಿಪ್ಲೈ, ಬಿಳಿ ಹಳದಿಗಳಿಗೆ ನಾರ್ಮಲ್, ಜೊತೆಗೆ ಗೋಡೆಯ ಫೋಟೋದಿಂದಲೇ ತೆಗೆದ ಒಂದು ಮಾಸ್ಕ್. ಆ ಮಾಸ್ಕಿನಿಂದ ಮಣ್ಣು ಉಬ್ಬಿದಲ್ಲಿ ಬಿಳಿ ಹಿಡಿದುಕೊಂಡಿತು, ತಗ್ಗಿದ್ದಲ್ಲಿ ಬಿಟ್ಟಿತು.

ಮಧ್ಯೆ ಕರೆಂಟು ಹೋಗುವುದು, ಯುಪಿಎಸ್ ಕೂಗಿ ಸುಮ್ಮನಾಗುವುದು ಮಲೆನಾಡಿನ ಶಾಲೆಗಳಿಗೆ ಹೊಸದಲ್ಲ. ಕ್ರಿಟಾ ಆಗಾಗ ತಾನೇ ಸೇವ್ ಮಾಡಿಕೊಳ್ಳುತ್ತದೆ, ಗಿಂಪ್ ಮಾಡುವುದಿಲ್ಲ. ಪ್ರಿಂಟಿಗೆ ಹೊಳೆಯುವ ಫೋಟೋ ಪೇಪರ್ ಬೇಡ, ಮ್ಯಾಟ್ ಇರಲಿ ಎಂದದ್ದು ಹುಡುಗಿ. ಹೊಳಪಿನಲ್ಲಿ ಮಣ್ಣು ಪ್ಲಾಸ್ಟಿಕ್ಕಿನ ಹಾಗೆ ಕಾಣುತ್ತದೆ, ಅವಳ ಮಾತು ನಿಜ. ಫೈಲನ್ನು ವಾಟ್ಸ್ಯಾಪಿನಲ್ಲಿ ಫೋಟೋವಾಗಿ ಕಳಿಸದೆ ಪೆನ್ ಡ್ರೈವ್‌ನಲ್ಲಿ ಒಯ್ದೆವು. ಕುಗ್ಗಿಸಿದ ಜೆಪೆಗ್‌ನಲ್ಲಿ ಮೊದಲು ಹಾಳಾಗುವುದು ಕೆಂಪಿನ ಮೇಲಿನ ಸಣ್ಣ ಗೆರೆಗಳೇ.

ಶಾಲೆಯ ಪ್ರದರ್ಶನದಲ್ಲಿ ಅದನ್ನು ತೂಗುಹಾಕಿದಾಗ ಬಂದ ಆಕ್ಷೇಪ ನಿರೀಕ್ಷಿತವೇ: ಇದು ಕಂಪ್ಯೂಟರ್ ಬರೆದದ್ದು, ಮಗುವಿನ ಕೆಲಸ ಏನಿದೆ ಇದರಲ್ಲಿ? ಕೇಳಿದವರನ್ನು ತಪ್ಪು ಎನ್ನಲಾರೆ. ಅದೇ ಪ್ರದರ್ಶನಕ್ಕೆ ಒಬ್ಬ ಹುಡುಗ ಮೊಬೈಲಿನ ಎಐ ಆ್ಯಪ್‌ನಲ್ಲಿ ಚಿತ್ತಾರ ಎಂದು ಕೇಳಿ ತೆಗೆದ ಚಿತ್ರ ತಂದಿದ್ದ. ಅದರ ತುಂಬ ತ್ರಿಕೋನ ಮೈಯ, ಗುಂಡು ತಲೆಯ ಮನುಷ್ಯರು ಸುತ್ತು ಹಾಕಿ ಕುಣಿಯುತ್ತಿದ್ದರು. ಅದು ಮಹಾರಾಷ್ಟ್ರದ ವಾರ್ಲಿ. ಹುಡುಗನ ಮನೆಯಲ್ಲೂ ಚಿತ್ತಾರದ ಬುಟ್ಟಿ ಇದೆ, ಅವನೇ ಅದನ್ನು ತಂದು ಪಕ್ಕದಲ್ಲಿಟ್ಟು ಹೋಲಿಸಿ ನೋಡಿದ.

ಆಕ್ಷೇಪಕ್ಕೆ ಹುಡುಗಿ ಮಾತಿನಲ್ಲಿ ಉತ್ತರ ಕೊಡಲಿಲ್ಲ. ಲ್ಯಾಬಿಗೆ ಕರೆದುಕೊಂಡು ಹೋಗಿ, ಕ್ರಿಟಾ ಲೇಯರುಗಳ ಸಮೇತ ಉಳಿಸುವ .ಕೆಆರ್‌ಎ ಫೈಲನ್ನೇ ತೆರೆದಳು. ಲೇಯರುಗಳ ಕಣ್ಣಿನ ಗುರುತನ್ನು ಒಂದೊಂದಾಗಿ ಒತ್ತಿದಳು. ಫೋಟೋ ಹೋಯಿತು, ಗೆರೆಗಳು ಉಳಿದವು. ಬಿಳಿ ಹೋಯಿತು, ಹಸಿರು ಚುಕ್ಕೆಗಳು ಬಂದವು. ಮೂಲೆಯ ಲೇಯರ್ ಮುಚ್ಚಿದಾಗ ಉದುರಿದ ಮಣ್ಣು ಕಂಡಿತು. ಕ್ರಿಟಾ 5.0ರಿಂದ ರೆಕಾರ್ಡರ್ ಇದೆ, ಬರೆಯುವಾಗಿನ ಹಂತಗಳನ್ನು ಚಿತ್ರ ಚಿತ್ರವಾಗಿ ಹಿಡಿದಿಡುತ್ತದೆ. ನಮ್ಮ ಯಂತ್ರಗಳು ಅದನ್ನು ಹಾಕಿದರೆ ತೆವಳುತ್ತವೆ, ಹಾಗಾಗಿ ಮೂಲೆಯನ್ನು ಬರೆದ ಹೊತ್ತಿನಲ್ಲಿ ಮಾತ್ರ ಹಾಕಿದ್ದಳು. ತೆನೆಗಳು ಕೆಳಗಿನಿಂದ ಮೇಲಕ್ಕೆ ಏಳುವುದನ್ನು ಆ ಸಣ್ಣ ವಿಡಿಯೋದಲ್ಲಿ ನೋಡಿದ ಮೇಲೆ ಪ್ರಶ್ನೆ ಕೇಳಿದವರು ಬೇರೆ ಪ್ರಶ್ನೆ ಕೇಳತೊಡಗಿದರು: ಅಜ್ಜಿ ಇನ್ನೂ ಬರೆಯುತ್ತಾರಾ, ಯಾರಿಗಾದರೂ ಕಲಿಸುತ್ತಾರಾ.

ಈಗ ನಾನು ಮಕ್ಕಳಿಂದ ಜೆಪೆಗ್ ತೆಗೆದುಕೊಳ್ಳುವುದಿಲ್ಲ, ಲೇಯರ್ ಇರುವ ಫೈಲನ್ನೇ ಕೇಳುತ್ತೇನೆ. ಅಂಕದ ಅರ್ಧ ಅಲ್ಲಿದೆ. ಯಾವ ಗೆರೆ ಎಲ್ಲಿಂದ ಬಂತು ಎಂದು ಮಗು ಲೇಯರಿನ ಹೆಸರಿನಲ್ಲೇ ಬರೆದಿರಬೇಕು: ಫೋಟೋದಿಂದ, ಕೇಳಿ ತಿಳಿದದ್ದು, ನಾನು ಸೇರಿಸಿದ್ದು. ಈ ಮೂರು ಹೆಸರುಗಳನ್ನೂ ಮೊದಲು ಇಟ್ಟವಳು ಅವಳೇ.

ಚಿತ್ರದ ಕೆಳಗೆ ಎರಡು ಹೆಸರಿವೆ. ಚಿತ್ತಾರ ಅಜ್ಜಿಯದು, ಡಿಜಿಟಲ್ ಚಿತ್ರ ಮೊಮ್ಮಗಳದು. ಪ್ರದರ್ಶನ ಆದಮೇಲೆ ಲಗ್ನಪತ್ರಿಕೆಗೆ ಅಂಚಾಗಿ ಹಾಕಲು ಫೈಲ್ ಕೊಡಿ ಎಂದು ಒಬ್ಬರು ಕೇಳಿಕೊಂಡು ಬಂದರು. ಕೊಡುವುದು ಬಿಡುವುದು ಶಾಲೆಯ ಕೈಯಲ್ಲಿಲ್ಲ, ಅಜ್ಜಿಯನ್ನು ಕೇಳಿ ಎಂದು ಕಳಿಸಿದೆವು. ಮದುವೆಗೆ ತಾನೆ, ಆಗಲಿ ಎಂದು ಅಜ್ಜಿ ಒಪ್ಪಿದರು. ಅರ್ಧ ಕತ್ತರಿಸಿ ಹಾಕಬಾರದು, ಇಡೀ ಹಸೆ ಬರಬೇಕು ಎಂಬ ಒಂದೇ ಷರತ್ತು. ಅಂಚಿಗೆ ಇಡೀ ಹಸೆ ಹಿಡಿಸಲಿಲ್ಲ. ಕೊನೆಗೆ ಪತ್ರಿಕೆಯ ಹಿಂಬದಿಗೆ ಪೂರ್ತಿಯಾಗಿ ಅಚ್ಚಾಯಿತು, ಮಂಕು ಮೂಲೆಯೂ ಸೇರಿ.

ಈ ವರ್ಷದ ತಂಡ ಭೂಮಿ ಹುಣ್ಣಿಮೆಯ ಬುಟ್ಟಿಗಳನ್ನು ಕೈಗೆತ್ತಿಕೊಂಡಿದೆ. ಗುಂಡಗಿನ ಮೈಗೆ ಪರ್ಸ್ಪೆಕ್ಟಿವ್ ಟೂಲ್ ಕೆಲಸಕ್ಕೆ ಬರುವುದಿಲ್ಲ. ಬುಟ್ಟಿಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಫೋಟೋ ತೆಗೆದು, ಪ್ರತಿಯೊಂದರ ನಡುಪಟ್ಟಿಯನ್ನಷ್ಟೇ ಕತ್ತರಿಸಿ ಜೋಡಿಸುತ್ತಿದ್ದಾರೆ. ಬಾಯಿಯ ಹತ್ತಿರ ಪಟ್ಟಿಗಳು ಕೂಡಿಕೊಳ್ಳುತ್ತವೆ, ತಳದ ಹತ್ತಿರ ಒಂದರ ಮೇಲೊಂದು ಹತ್ತುತ್ತವೆ. ಅದಕ್ಕೆ ದಾರಿ ಇನ್ನೂ ಹುಡುಕುತ್ತಿದ್ದೇವೆ.